ಐದಾಳೆತ್ತರದ ಕಪ್ಪು

ಪಣಂಬೂರಿನ ಧಕ್ಕೆಯಲ್ಲಿ ನನ್ನ ಕೆಲಸ ಇಷ್ಟೆ:
ಹಡಗಿನ ಹೊಟ್ಟೆಯಿಂದ ಇಳಿದ ಕಲ್ಲಿದ್ದಲನ್ನು
ಹಿಡಿಹಿಡಿಯಾಗಿ ಚೀಲಕ್ಕೆ ತುಂಬಿ, ಚೀಟಿ ಕಟ್ಟಿ
ಲ್ಯಾಬಿಗೆ ಕಳಿಸುವುದು.
ತೇವ ಎಷ್ಟು, ಬೂದಿ ಎಷ್ಟು, ಆಮೇಲೆ ಗೊತ್ತಾಗುತ್ತದೆ.
ಎಲ್ಲಿಂದ ಕಿತ್ತದ್ದು, ಹೇಗೆ ಕಿತ್ತದ್ದು
ನಾನು ಕೇಳಿರಲಿಲ್ಲ,

ಧೂಮಪ್ಪ ಮೆಂಡನ್ ಸಿಗುವವರೆಗೆ.

ಮೊಗವೀರರ ಹುಡುಗ, ಕಡಲು ಬಿಟ್ಟು
ಗೋದಾವರಿ ದಂಡೆಯ ಗಣಿಗಿಳಿದು
ಮೂವತ್ತೊಂದು ವರ್ಷ. ಈಗ ಕುಳಾಯಿಯ ಹೋಟೆಲಲ್ಲಿ
ಸಂಜೆ ನಾಲ್ಕಕ್ಕೆ ಚಾ, ಗೋಳಿಬಜೆ.

"ಪದರ ತೆಳುವಿದ್ದರೆ ಯಾರಾದರೂ ತೆಗೆದಾರು ಮಾರಾಯ್ರೆ.
ದಪ್ಪ ಇದ್ದರೇ ಕಷ್ಟ.
ಐದಾಳೆತ್ತರ ಕಪ್ಪು. ಕೈಗೆ ಎಟಕುವುದು ಒಂದೂವರೆ ಆಳು.
ಒಮ್ಮೆಗೇ ಬಾಯಿ ಹಾಕಿದಿರೋ, ನಿಮ್ಮನ್ನೇ ಅದು..."
ಮಾತು ಅಲ್ಲಿಗೇ ಬಿಟ್ಟು ಸಾಸರಿಗೆ ಚಾ ಸುರಿದರು.

ನಾಲ್ಕು ಗೋಳಿಬಜೆಯ ಮೇಲೆ ಸ್ಟೀಲಿನ ತಟ್ಟೆ ಇಟ್ಟರು.
ಇವು ಕಂಬ, ಇದು ಮಾಡು.
"ಮೊದಲು ಅಡಿಯ ಪದರ. ತೆಗೆದಷ್ಟು ಜಾಗಕ್ಕೆ
ಹೊಳೆಯ ಮರಳು, ನೀರಲ್ಲಿ ಕಲಸಿ, ಪೈಪಿನಲ್ಲಿ.
ನೀರು ಸೋರಿಹೋಗುತ್ತದೆ, ಮರಳು ಕೂರುತ್ತದೆ.
ಅದರ ಮೇಲೆ ನಿಂತು ಎರಡನೆಯದು. ಮತ್ತೆ ಮರಳು.
ಹಾಗೆ ಹತ್ತಿ ಹತ್ತಿ
ಕೊನೆಗೊಂದು ದಿನ ಕಲ್ಲಿನ ಮಾಡಿಗೆ ತಲೆ ತಾಗುತ್ತದೆ."

ಮರಳು ತುಟ್ಟಿಯಾದ ವರ್ಷ ಕ್ರಮ ಬದಲಾಯಿತು.
ತುಂಬುವುದು ಬೇಡ, ಬೀಳಿಸಿ ಅಂದರು.
ಹಿಂದೆ ಹಿಂದೆ ಸರಿಯುತ್ತ ಕಂಬ ಕೀಳುವುದು,
ಎದುರಿಗೆ ಮಾಡು ಕುಸಿಯುವುದನ್ನು ನೋಡುತ್ತ.
ಒಂದು ಬಜೆ ಎಳೆದು ಬಾಯಿಗೆ ಹಾಕಿಕೊಂಡರು.
ತಟ್ಟೆ ವಾಲಿತು.
"ಮರದ ಊರೆ ಒಳ್ಳೆಯದು. ಮುರಿಯುವ ಮೊದಲು
ಕಿರುಗುಟ್ಟಿ ಹೇಳುತ್ತದೆ. ಕಬ್ಬಿಣ ಹೇಳುವುದಿಲ್ಲ.
ಪೋಚಯ್ಯನ ಮೇಲೆ ಇದ್ದದ್ದು ಕಬ್ಬಿಣ."
ಎರಡನೇ ಬಜೆ ಮುಟ್ಟಲಿಲ್ಲ.

ಮಗಳು ಸುರತ್ಕಲ್ಲಿನಲ್ಲಿ ಫ್ಲ್ಯಾಟ್ ಕೊಂಡಾಗ
ಒಕ್ಕಲಿನ ದಿನ ಬಲೆ ತೆಗೆಯುವ ಕೋಲು ಹಿಡಿದು
ಕೋಣೆ ಕೋಣೆಯ ಸ್ಲ್ಯಾಬ್ ತಟ್ಟುತ್ತ ಹೋದರಂತೆ.
ಗಟ್ಟಿಯಿದ್ದರೆ ಗಂಟೆ, ಟೊಳ್ಳಾದರೆ ಡೋಲು.
ಬೀಗರು ನಕ್ಕರು. ಎಂಜಿನಿಯರ್ ಹೇಳಿದ: "ಅಜ್ಜಾ,
ಫಲ್ಗುಣಿಯ ಮರಳು, ಅಸಲಿ ಮಾಲು."
"ಹೊಳೆಗೆ ಬದಲು ಏನು ಹಾಕಿದಿರಿ?"
ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು.

ಇವತ್ತು ನನ್ನದು ರಾತ್ರಿ ಪಾಳಿ. ಏಳನೇ ನಂಬರಿನ ರಾಶಿ.
ಚೀಲದ ಬಾಯಿ ಬಿಗಿಯುವ ಮೊದಲು
ಒಂದು ಹೆಂಟೆ ಎತ್ತಿ ಕಿವಿಗೆ ಹಿಡಿದು
ಬೆರಳ ಗೆಣ್ಣಿನಿಂದ ತಟ್ಟಿದೆ.
ಏನೋ ಕೇಳಿಸಿತು. ಗಂಟೆಯೋ ಡೋಲೋ
ಧೂಮಪ್ಪಣ್ಣನನ್ನೇ ಕೇಳಬೇಕು,
ಎಡಗಡೆ ಕೂತು. ಬಲಗಿವಿ ಅವರಿಗೆ
ಆ ಕಬ್ಬಿಣದ ದಿನದಿಂದ ಕೇಳಿಸುವುದಿಲ್ಲ.