ತಿರುಪು

ಮೂವತ್ತೊಂದು ವರ್ಷ ಕಾಟನ್ ಮಿಲ್ಲಿನಲ್ಲಿ ಫಿಟ್ಟರು ನಾನು,
ಸ್ಪ್ಯಾನರ್ ಹಿಡಿದ ಕೈಗೆ ತಿರುಪಿನ ಮರ್ಜಿ ಗೊತ್ತು.
ಬಿಗಿ ಮಾಡು, ಗುಂಡಿ ಒತ್ತು, ಮಗ್ಗ ಓಡಬೇಕು.

ಹಾಗಂತಲೇ ಕೇಳಿದೆ ಹಲ್ಲಿನ ಡಾಕ್ಟರಮ್ಮನ್ನ:
ಇವತ್ತು ಕೂರಿಸಿದರೆ ನಾಳೆ ಮಿರ್ಚಿ ಕಡೀಬಹುದಾ?

ನಕ್ಕಳು. ಎಕ್ಸ್‌ರೇ ಬೆಳಕಿಗೆ ಹಿಡಿದಳು,
ಬೂದಿ ಬಣ್ಣದ ನನ್ನ ದವಡೆ.
"ಇದು ಕಬ್ಬಿಣ ಅಲ್ಲ ಕರಿಬಸಪ್ಪನೋರೆ, ಮೂಳೆ.
ಬಿಗಿ ಮಾಡೋದು ನಾನು,
ಹಿಡೀಬೇಕಾದ್ದು ಅದು.
ನಾಲ್ಕು ತಿಂಗಳು. ಕೆಲವರಿಗೆ ಆರು.
ಕೆಲವರಿಗೆ ಹಿಡಿಯೋದೇ ಇಲ್ಲ."

ಸಕ್ಕರೆ ಎಷ್ಟು ಅಂದಳು. ಚೀಟಿ ತೋರಿಸಿದೆ.
ಬೀಡಿ?
ನನಗಿಂತ ಮೊದಲು ಅಂಗಿಯ ಜೇಬು ಒಪ್ಪಿಕೊಂಡಿತು.

ಈಗ ಒಸಡಿನಡಿ ಮಲಗಿದೆ ತಿರುಪು,
ಮೇಲೆ ಹಲ್ಲಿಲ್ಲ, ಬರೀ ಸಂದು.
ಸಂಜೆ ಜಯದೇವ ಸರ್ಕಲ್ಲಿನ ಹತ್ತಿರ
ಗೆಳೆಯರು ಮಂಡಕ್ಕಿ ಮುಕ್ಕುವಾಗ
ಬೆಣ್ಣೆದೋಸೆಯ ಗರಿ ಅಂಚು ಬಿಟ್ಟು
ಮೆತ್ತನೆ ನಡುವನ್ನು ಎಡಗಡೆಯೇ ಅಗಿಯುತ್ತೇನೆ.

ನಾಲಿಗೆ ಹೋಗಿ ಹೋಗಿ ತಟ್ಟುತ್ತದೆ:
ಹಿಡಿದೆಯಾ?
ಯಾವ ಮಗ್ಗವನ್ನೂ ಹೀಗೆ ಕೇಳಿದವನಲ್ಲ ನಾನು.

ಒಳಗೆಲ್ಲೋ ರಾತ್ರಿಪಾಳಿ ನಡೆದಿದೆ,
ಸೈರನ್ ಇಲ್ಲ, ಹಾಜರಿ ಪುಸ್ತಕ ಇಲ್ಲ,
ಮೇಸ್ತ್ರಿ ಹೋಗಿ ಗದರುವಂತಿಲ್ಲ.

ಬೀಡಿ ಕಟ್ಟು ಅಟ್ಟದ ಮೇಲಿದೆ.
ಇನ್ನೂ ಎಸೆದಿಲ್ಲ.