ಸಾಕು, ಸಾಲದು

ಟೆಮಾ ಬಂದರಿನ ಮೂರನೇ ತೂಕದ ಕಟ್ಟೆಯಲ್ಲಿ
ರಾತ್ರಿ ಪಾಳಿ ಎಸಿನಾಮಳದು.
ಲಾರಿ ಹತ್ತಿ ನಿಂತರೆ ಗಾಜಿನ ಗೂಡು ಒಮ್ಮೆ ನಡುಗುತ್ತದೆ,
ಕೆಂಪು ಅಂಕಿ ಓಡಿ ಓಡಿ ಒಂದೆಡೆ ಕೂರುತ್ತದೆ.
ಚೀಟಿ ಹರಿದು ಕೊಡುತ್ತಾಳೆ. ಕೋಕೋ, ಸಿಮೆಂಟು, ಮಂಜುಗಟ್ಟಿದ ಮೀನು.
ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ
ಹನ್ನೊಂದು ನಿಮಿಷ, ಕೆಲವೊಮ್ಮೆ ನಲವತ್ತು.
ಆ ಸಂದಿನಲ್ಲಿ ಪುಸ್ತಕ.

ಯಾರೋ ಓದಿ ಮಾರಿದ್ದು. ಪೆನ್ಸಿಲಿನಲ್ಲಿ ಉತ್ತರ ಬರೆದು
ಅಳಿಸಿದ್ದಾರೆ, ಅಳಿಸಿದ್ದು ಪೂರ್ತಿ ಅಳಿದಿಲ್ಲ.
ಪರೀಕ್ಷೆಗೆಂದು ಮಾಡಿದ ಸಾಲವೂ ಸಾಲದು,
ಇನ್ನೂ ಮುನ್ನೂರು ಸೆಡಿ ಬೇಕು.

ಪ್ರಶ್ನೆ ಇಷ್ಟೇ:
ಕ, ಗ ಎರಡು ಧನ ಪೂರ್ಣಾಂಕ. ಅವುಗಳ ಮ.ಸಾ.ಅ. ಎಷ್ಟು?
ಹೇಳಿಕೆ ಒಂದು: ಎರಡೂ ಅವಿಭಾಜ್ಯ.
ಹೇಳಿಕೆ ಎರಡು: ಎರಡರ ನಡುವಿನ ಅಂತರ ಎರಡು.

ಭಾನುವಾರ ಪಾಠ ಹೇಳುವ ಮುದುಕ ಅಮೂಜು
ಮೂವತ್ತು ವರ್ಷ ಕಸ್ಟಮ್ಸಿನಲ್ಲಿದ್ದವನು.
'ಲೆಕ್ಕ ಮಾಡುವವರೇ ಇಲ್ಲಿ ಸೋಲುವುದು, ಮಗಳೇ.
ಪೆಟ್ಟಿಗೆ ತೆಗೆಯಬೇಡ.
ಬೀಗದಕೈ ಕೈಯಲ್ಲಿದೆಯೋ ಇಲ್ಲವೋ, ಅಷ್ಟು ಹೇಳಿ ಮುಂದೆ ನಡಿ.'

ಮೊದಲನೆಯದನ್ನು ಹಿಡಿದಳು.
ಐದು, ಏಳು: ಒಂದು. ಮೂರು, ಹನ್ನೊಂದು: ಒಂದು.
ಅವಿಭಾಜ್ಯ ಎಂದಮೇಲೆ ಯಾರೊಡನೆ ಏನು ಹಂಚಿಕೊಂಡೀತು?
ಸಾಕು, ಎಂದು ಬರೆಯಲು ಹೊರಟವಳಿಗೆ
ಅಂಚಿನಲ್ಲಿ ಆ ಅಳಿಸಿದ ಪೆನ್ಸಿಲು ಕಂಡಿತು:
ಏಳು, ಏಳು.
ಎರಡು ಹೆಸರಿಟ್ಟ ಮಾತ್ರಕ್ಕೆ
ಇಬ್ಬರೆಂದು ಯಾರು ಹೇಳಿದರು?
ಸಾಲದು.

(ಲಾರಿ. ನಲವತ್ತೆರಡು ಸಾವಿರದ ಮುನ್ನೂರ ಎಂಬತ್ತು ಕಿಲೋ.
'ಮುನ್ನೂರು ಬಿಟ್ಟು ಬರಿಯೇ ತಂಗಿ,' ಎನ್ನುತ್ತಾನೆ ಚಾಲಕ.
ಬಿಡುವುದಿಲ್ಲ.)

ಎರಡನೆಯದು. ನಾಲ್ಕು, ಆರು: ಎರಡು.
ಒಂಬತ್ತು, ಹನ್ನೊಂದು: ಒಂದು.
ಅಂತರವೊಂದೇ ಗೊತ್ತಿದ್ದರೆ ಸಾಲದು.

ಈಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಳು.
ಇಬ್ಬರನ್ನೂ ಭಾಗಿಸುವುದು ಅಂತರವನ್ನೂ ಭಾಗಿಸಲೇಬೇಕು.
ಆದ್ದರಿಂದ ಒಂದು, ಇಲ್ಲವೇ ಎರಡು.
ಎರಡಾದರೆ ಇಬ್ಬರೂ ಸಮ, ಇಬ್ಬರೂ ಅವಿಭಾಜ್ಯ:
ಅಂಥದ್ದು ಲೋಕಕ್ಕೆ ಒಂದೇ, ಎರಡು.
ಎರಡೂ ಎರಡೇ ಆದರೆ ಅಂತರ ಎಲ್ಲಿಂದ ಬಂತು?
ಹಾಗಾದರೆ ಒಂದೇ.
ಅವರು ಯಾರೆಂದು ಈಗಲೂ ಗೊತ್ತಿಲ್ಲ,
ಹನ್ನೊಂದು ಹದಿಮೂರೋ, ಇಪ್ಪತ್ತೊಂಬತ್ತು ಮೂವತ್ತೊಂದೋ.
ಗೊತ್ತಾಗಬೇಕೆಂದೂ ಇಲ್ಲ.
ಮೂರನೇ ಗುಂಡಿಗೆ ಮಸಿ ತುಂಬಿದಳು.

ಎರಡು ಗಂಟೆಗೆ ಜಿಗ್ಬೋರ್ದಿ ಬಂದಳು,
ಬಾಳೆ ಎಲೆಯಲ್ಲಿ ಸುತ್ತಿದ ಅಬೋಲೋ, ಹುರಿದ ಸಣ್ಣ ಮೀನು.
'ತಿಂದು ಓದು,' ಎಂದು ಬಾಗಿಲಲ್ಲೇ ನಿಂತಳು.

ಮೂರು ವರ್ಷದವಳನ್ನು ಕೆಟಾದಿಂದ
ತಗಡಿನ ಟ್ರಂಕಿನೊಂದಿಗೆ ತಂದವಳು ಇವಳೇ.
ಚಿಕ್ಕಮ್ಮನೆಂದು ಎಲ್ಲರೂ ಅಂದರು; ಇವಳು ಏನೂ ಅನ್ನಲಿಲ್ಲ.
ಚರ್ಚಿನ ಚೀಟಿಯಲ್ಲಿ ತಾಯಿಯ ಹೆಸರು ಅಕು.
ಬುಧವಾರ ಹುಟ್ಟಿದ ಹೆಣ್ಣೆಲ್ಲ ಅಲ್ಲಿ ಅಕುವೇ.
ಜಿಗ್ಬೋರ್ದಿಯೂ ಬುಧವಾರ ಹುಟ್ಟಿದವಳು. ಸಾಲದು.
ಇಬ್ಬರಿಗೂ ಎಡಗಿವಿಯ ತುದಿ ಸಣ್ಣಗೆ ಮಡಿಚಿದೆ.
ಅಕ್ಕನ ಮಗಳಿಗೂ ಹಾಗೆ ಬಂದೀತು. ಸಾಲದು.
ಎರಡೂ ಸೇರಿ?
ಇಪ್ಪತ್ತಾರು ವರ್ಷದ ಈ ಲೆಕ್ಕಕ್ಕೆ
ಐದು ಗುಂಡಿಗಳಲ್ಲಿ ಕೊನೆಯದೇ ಗತಿ:
ಇನ್ನೂ ಮಾಹಿತಿ ಬೇಕು.

ಕೇಳಬಹುದಿತ್ತು. ಈಗಲೇ, ಬಾಗಿಲಲ್ಲೇ ಇದ್ದಾಳೆ.
ಮೀನಿನ ಮುಳ್ಳು ತೆಗೆಯುತ್ತಾ
ಎಸಿನಾಮ್ ಆ ಮಡಿಚಿದ ಕಿವಿಯನ್ನೇ ನೋಡಿದಳು.
'ಇನ್ನೊಂದು ಹಾಕಲಾ?' ಎಂದಳು ಜಿಗ್ಬೋರ್ದಿ.
'ಸಾಕು.'

ಅವರ ಮಾತಿನಲ್ಲಿ ಇದಕ್ಕೇನೆನ್ನುತ್ತಾರೋ ನನಗೆ ತಿಳಿಯದು.
ನನ್ನ ಮಾತಿನಲ್ಲಿ ಮಾತ್ರ
ಕೈ ಅಡ್ಡ ಹಿಡಿದು ಹೇಳುವುದಕ್ಕೂ
ಯಾರದೋ ಕೂಸನ್ನು ಅನ್ನವಿಟ್ಟು ಬೆಳೆಸುವುದಕ್ಕೂ
ಇರುವುದು ಅದೊಂದೇ ಪದ.

ಗೂಡು ನಡುಗಿತು. ಲಾರಿ.
ಎಲೆಯನ್ನೇ ಪುಟದ ನಡುವೆ ಗುರುತಿಗಿಟ್ಟು
ಚೀಟಿಯ ಕಟ್ಟಿಗೆ ಕೈ ಚಾಚಿದಳು.