ಹತ್ತು ಸ್ಟಾಪಿನ ಕಪ್ಪು

ಮೊದಲು ಹಿಂದಕ್ಕೆ ತಿರುಗಿಸು, ಎಡಕ್ಕೆ,
ಬಿಚ್ಚುವವಳ ಹಾಗೆ.
ಎಳೆಗೆ ಎಳೆ ಕೂತಾಗ ಬೆರಳಿಗಷ್ಟೇ ಕೇಳುವ
ಒಂದು ಟಿಕ್.
ಆಮೇಲೆ ಬಲಕ್ಕೆ, ಮೆಲ್ಲಗೆ.
ಅವಸರಕ್ಕೆ ಈ ಅಲ್ಯುಮಿನಿಯಂ ಉಂಗುರ
ಅಡ್ಡಹಲ್ಲು ಕಚ್ಚಿ ಕೂತುಬಿಡುತ್ತದೆ.
ಗಲಿಸಿಯಾದ ಈ ಕಡಲಂಚಿನಲ್ಲಿ, ಬೆಳಗಿನ ಇಳಿತಕ್ಕೆ,
ಇಷ್ಟು ಕಲಿಯುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿವೆ.

ಚೀಲದಲ್ಲಿ ಮೂರು ಗಾಜು.
ಪೋಲರೈಸರ್ ತಿರುಗಿಸಿದರೆ ಒದ್ದೆಯ ಥಳಕು ಕಳಚಿ
ಬಂಡೆ ಬಂಡೆಯಾಗುತ್ತದೆ;
ಕ್ಯಾಲೆಂಡರಿನ ಫಿರ್ಮಿನೊ ಕೇಳಿದ್ದು ಬಂಡೆಯನ್ನಲ್ಲ.
ಅರೆಗಪ್ಪಿನದು ಆಕಾಶದ ಸೊಕ್ಕಿಳಿಸುವುದಕ್ಕೆ,
ಆದರೆ ದಿಗಂತದಲ್ಲಿ ಒಂದು ದ್ವೀಪ ತಲೆಯೆತ್ತಿದೆ,
ಪಾಪ, ಅದಕ್ಕೂ ಮಸಿ ಹಚ್ಚಿದಂತಾದೀತು.
ಉಳಿದದ್ದು ಇದು, ಹತ್ತು ಸ್ಟಾಪಿನದು,
ಕಾಡಿಗೆ ಮೆತ್ತಿದ ಬಿಲ್ಲೆ.
ಹಾಕಿದ ಮೇಲೆ ಏನೂ ಕಾಣದು,
ನೋಡುವುದನ್ನೆಲ್ಲ ಮೊದಲೇ ನೋಡಿರಬೇಕು:
ಫೋಕಸ್ಸು, ಚೌಕಟ್ಟು,
ಕೆಳಗೆ ಸಂದಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು
ಬಂಡೆಯಿಂದ ಪೆರ್ಸೆಬೆ ಚಿಪ್ಪು ಕೀಳುವ ನನ್ನ ತಮ್ಮ ಬ್ರಾಯ್ಸ್,
ಮೇಲೆ ಹಗ್ಗ ಹಿಡಿದ ದೋರಿಂದಾ ಅತ್ತೆ.

ಕಾಲು ಸೆಕೆಂಡಿನದು ನಾಲ್ಕು ನಿಮಿಷವಾಯಿತು.
“ಮಾರ್!” ಅತ್ತೆ ಕೂಗುತ್ತಾಳೆ, ಸಮುದ್ರ ಬಂತು ಎಂದು.
ಅವನು ಜಿಗಿಯುತ್ತಾನೆ. ಅಲೆ ಒಡೆಯುತ್ತದೆ. ಇಳಿಯುತ್ತಾನೆ.
“ಮಾರ್!”
ಹನ್ನೊಂದರವರೆಗೆ ಎಣಿಸಿದೆ. ಒಂದು ಸಲ
ಅವನು ಏಳುವುದು ತಡವಾಗಿ
ಎಣಿಕೆ ತಪ್ಪಿತು.

ಪರದೆಯ ಮೇಲೆ
ಹೆಪ್ಪಿಗಿಟ್ಟ ಹಾಲಿನಂಥ ಕಡಲು.
ಅಲೆಯಿಲ್ಲ, ಬ್ರಾಯ್ಸ್ ಇಲ್ಲ,
ಅವನಿದ್ದ ಕಡೆ ಒಂದಿಷ್ಟು ಮಂಜು.
ಅತ್ತೆ ಮಾತ್ರ ಇದ್ದಾಳೆ, ಕಡೆದಿಟ್ಟ ಹಾಗೆ.
ಅವಳ ಮುಷ್ಟಿಯ ಹತ್ತಿರ ಗೇಣುದ್ದ ಹಗ್ಗ ಸ್ಪಷ್ಟ,
ಮುಂದೆ ಹಾಲು.

“ನಾನೆಲ್ಲಿ?” ಎಂದ, ಮೂಗಿನಿಂದ ಉಪ್ಪುನೀರು ಸೀನುತ್ತ.
“ನೀನು ಅಲುಗಾಡಿದೆ.”
“ಅಲುಗಾಡದಿದ್ದರೆ ಚಿತ್ರದಲ್ಲಿರುತ್ತಿದ್ದೆ,
ಮಧ್ಯಾಹ್ನದ ಊಟಕ್ಕಲ್ಲ.”

ಬಿಚ್ಚಲು ಹೋದರೆ ಫಿಲ್ಟರು ಬರಲೊಲ್ಲದು, ಉಪ್ಪು ಹಿಡಿದಿದೆ.
ಹಲ್ಲು ಕಚ್ಚಿ ತಿರುಗಿಸಿದೆ.
ಅತ್ತೆ ಕಸಿದುಕೊಂಡಳು:
“ಹಿಂಡಿದಷ್ಟೂ ಉಂಗುರ ಮೊಟ್ಟೆಯಾಕಾರಕ್ಕೆ ತಿರುಗುತ್ತೆ ಕಣೆ.”
ಚಿಪ್ಪಿನ ಚೀಲದ ಬಾಯಿಗೆ ಬಿಗಿದಿದ್ದ ರಬ್ಬರ್ ಬ್ಯಾಂಡು ತೆಗೆದು
ಉಂಗುರಕ್ಕೆ ಸುತ್ತಿದಳು,
ಹಗ್ಗ ತಿಂದ ಅಂಗೈಯನ್ನು ಚಪ್ಪಟೆಯಾಗಿ ಒತ್ತಿದಳು,
ಹಿಂದಕ್ಕೆ, ಎಡಕ್ಕೆ.
ಬಂತು.

ಲೆನ್ಸಿನೊಳಗೆ ಒಮ್ಮೆಲೆ ಇಡೀ ಬೆಳಗು.
ಬ್ರಾಯ್ಸ್ ಆಗಲೇ ಕೆಳಗಿಳಿಯುತ್ತಿದ್ದ.
“ಹಗ್ಗ!” ಎಂದ.
ಅತ್ತೆ ನನ್ನ ಕೈಗೆ ಗಾಜು ತುರುಕಿ ಓಡಿದಳು.